ನನ್ನ ನಂಬರಿನಲ್ಲಿ ಇನ್ನೊಬ್ಬಳು

ಪ್ರದರ್ಶನ ಮೈದಾನದ ಹಿಂದಿನ ವಸತಿಗೃಹ,
ಮೂರನೇ ಮಹಡಿ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಕೆಮ್ಮು ನಿಜವಾಗಿಯೂ ಹೋಯಿತಾ, ಇಲ್ಲಾ ಪಕ್ಕದ ಮೇಷ್ಟ್ರ ಮನೆಯಲ್ಲಿ ಫೋನಿನ ಮುಂದೆ ಕೂತಾಗ ಮಾತ್ರ ತಡೆದುಕೊಳ್ಳುತ್ತೀಯಾ? ಹೋದ ಭಾನುವಾರ ನೀನು ಕೆಮ್ಮು ನುಂಗಿದ್ದು ನನಗೆ ಕಾಣಿಸಿತು. ಕಣ್ಣಲ್ಲಿ ನೀರು ಬಂದಿತ್ತು, ಆದರೂ ನಗುತ್ತಾ ಕೂತಿದ್ದೆ. ಬೆಳಿಗ್ಗೆ ಹೊತ್ತು ತಣ್ಣೀರಲ್ಲಿ ಸ್ನಾನ ಮಾಡಬೇಡ. ಮೇಷ್ಟ್ರ ಹೆಂಡತಿ ಬಿಸಿನೀರು ಕೊಡುತ್ತೇನೆಂದು ಎಷ್ಟು ಸಲ ಹೇಳಿದ್ದಾರೆ, ನಿನಗೆ ಕೇಳಲು ಸಂಕೋಚ. ಊರಿಗೆಲ್ಲ ಬಾಯಿತುಂಬ ಮಾತಾಡುವ ನೀನು ಒಂದು ಬಕೆಟ್ ಬಿಸಿನೀರು ಬೇಕು ಎನ್ನುವಾಗ ಮಾತ್ರ ಮೂಗನಾಗುತ್ತೀಯ.

ಭಾನುವಾರ ಭಾನುವಾರ ಮುಖ ನೋಡಿಕೊಂಡು ಮಾತಾಡುವವಳು ಇದೇನು ಕಾಗದ ಬರೆದಳು ಎಂದು ಗಾಬರಿಯಾಗಬೇಡ. ನಾನು ಗಟ್ಟಿಮುಟ್ಟಾಗಿದ್ದೇನೆ. ಆದರೆ ಫೋನಿನಲ್ಲಿ ಆಗದ ಮಾತು ಕೆಲವಿರುತ್ತವೆ. ಮೇಷ್ಟ್ರ ಮನೆಯಲ್ಲಿ ಆ ಫೋನು ಹಿಡಿದರೆ ಅವರು, ಅವರ ಹೆಂಡತಿ, ಮಗಳು, ಮಗಳ ಗೆಳತಿ, ಎಲ್ಲರ ತಲೆಗಳೂ ಚೌಕಟ್ಟಿಗೆ ಕಟ್ಟಿದ ಗ್ರೂಪ್ ಫೋಟೋದ ಹಾಗೆ ತುಂಬಿಕೊಳ್ಳುತ್ತವೆ. ನೀನು ಮೂಲೆಯಲ್ಲಿ ಅರ್ಧ ಕಿವಿ ಕಾಣುವ ಹಾಗೆ ಕೂತು "ಎಲ್ಲಾ ಚೆನ್ನಾಗಿದೆ ಗುಬ್ಬಿ" ಎನ್ನುತ್ತೀಯ, ನಾನೂ "ನಂದೂ ಎಲ್ಲಾ ಚೆನ್ನಾಗಿದೆ ಅಪ್ಪಾ" ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಆಮೇಲೆ ಉಳಿದದ್ದು ಮೇಷ್ಟ್ರ ಹೆಂಡತಿ ಕೇಳುವ ಇಲ್ಲಿನ ಹವಾಮಾನ. ಅದಕ್ಕೇ ಕಾಗದ. ಒಂದು ಮಾತು: ಕಟಿಂಗ್ ಅಂಗಡಿಯಲ್ಲಿ ಗಿರಾಕಿಗಳಿಗೆ ಪೇಪರ್ ಓದಿ ಹೇಳುವ ಹಾಗೆ ಇದನ್ನು ಗಟ್ಟಿಯಾಗಿ ಓದಬೇಡ. ಗೋಡೆಯ ಆ ಕಡೆ ಎಲ್ಲರ ಕಿವಿಯೂ ಚುರುಕು.

ನಾವೀಗ ಹೊಸ ಊರಿಗೆ ಬಂದಿದ್ದೇವೆ. ಹೊಸ ದೇಶ ಎನ್ನಬೇಕು, ಆದರೆ ನನಗೇನೂ ಹೊಸದು ಕಾಣುವುದಿಲ್ಲ. ವಿಮಾನ ಇಳಿದು, ವ್ಯಾನು ಹತ್ತಿ, ಅದೇ ಥರದ ದೊಡ್ಡ ಸಭಾಂಗಣದ ಹಿಂಬಾಗಿಲಿಗೆ ಬರುತ್ತೇವೆ. ಒಳಗೆ ಸಿಮೆಂಟಿನ ನೆಲ, ಮೇಲೆ ತಗಡಿನ ಎತ್ತರದ ಮಾಡು, ಸಾಮಾನು ಎತ್ತುವ ಗಾಡಿಗಳ ಪೀಂ ಪೀಂ. ಕಂಪನಿಗಳು ತಮ್ಮ ಮಾಲು ತೋರಿಸಲು ಮಳಿಗೆ ಹಾಕುತ್ತವಲ್ಲ, ಅದರ ಗೋಡೆ ಬಟ್ಟೆಯದು ಅಂತ ನಿನಗೆ ಹೇಳಿದ್ದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಬಟ್ಟೆ ಬಿಗಿದು ಕೂರಿಸುತ್ತಾರೆ. ಅದರ ಅಂಚಿಗೆ ಸಪೂರ ರಬ್ಬರ್ ಪಟ್ಟಿ ಹೊಲಿಯುವುದು ನನ್ನ ಕೆಲಸ. ಹೊಲಿಗೆ ಒಂದು ಕೂದಲೆಳೆ ಆಚೀಚೆಯಾದರೂ ಬಟ್ಟೆ ಸುಕ್ಕಾಗುತ್ತದೆ, ಹಿಂದಿನಿಂದ ದೀಪ ಹಾಕಿದಾಗ ಆ ಸುಕ್ಕು ಮುದುಕರ ಹಣೆಯ ಹಾಗೆ ಎದ್ದು ಕಾಣುತ್ತದೆ. ನಿನ್ನ ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಗೆ ಅಂಚು ಮಡಚಿ ಹೊಲಿದ ಕೈ ಇದು, ಅದಕ್ಕೇ ನೆಟ್ಟಗೆ ಬರುತ್ತದೆ ಎಂದು ಆಗಾಗ ಅಂದುಕೊಳ್ಳುತ್ತೇನೆ. ಕಟ್ಟುತ್ತೇವೆ, ಜನ ಬಂದು ಓಡಾಡಿ ಹೋಗುತ್ತಾರೆ, ಬಿಚ್ಚುತ್ತೇವೆ, ಪೆಟ್ಟಿಗೆಗೆ ತುಂಬುತ್ತೇವೆ, ಮುಂದಿನ ದೇಶ. ನಾನು ಹೊಲಿದ ಗೋಡೆಗಳಿಗೆ ಒರಗಿ ಎಷ್ಟೋ ಜನ ಫೋಟೋ ತೆಗೆಸಿಕೊಂಡಿದ್ದಾರೆ. ಅವರಲ್ಲಿ ಒಬ್ಬರ ಹತ್ತಿರವೂ ನಾನು ಮಾತಾಡಿಲ್ಲ.

ರೂಮು ಚೆನ್ನಾಗಿದೆ. ಒಂದು ಮಂಚ, ಒಂದು ಕುರ್ಚಿ, ನೀರು ಕಾಯಿಸುವ ಕೆಟಲು, ಪಕ್ಕದ ಕಟ್ಟಡದ ಗೋಡೆ ನೋಡುವ ಕಿಟಕಿ. ಈ ರೂಮಿಗೂ ಹಿಂದಿನ ದೇಶದ ರೂಮಿಗೂ ಇರುವ ವ್ಯತ್ಯಾಸ ಬಾತ್‌ರೂಮಿನ ಸ್ವಿಚ್ಚು ಎಡಕ್ಕಿದೆಯೋ ಬಲಕ್ಕಿದೆಯೋ ಎನ್ನುವುದು, ಅಷ್ಟೇ. ಪ್ರತಿ ಸಲವೂ ಮೊದಲ ವಾರ ತಪ್ಪು ಕಡೆ ಗೋಡೆ ತಡಕುತ್ತೇನೆ. ಕೈಗೆ ಅಭ್ಯಾಸವಾಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ತಂಡದಲ್ಲಿ ನಮ್ಮ ಭಾಷೆ ಬರುವವನು ಒಬ್ಬನೇ, ವೈರಿಂಗ್ ಮಾಡುವವನು. ಎಲ್ಲರೂ ಅವನನ್ನು ಕರೆಂಟಣ್ಣ ಎನ್ನುತ್ತಾರೆ. ಒಳ್ಳೆಯವನು, ಆದರೆ ಬಾಯಿ ಬಿಟ್ಟರೆ ಫ್ಯೂಸು, ಪ್ಲಗ್ಗು, ವೋಲ್ಟೇಜು. "ಊಟ ಮಾಡಿದ್ಯಾ ಕರೆಂಟಣ್ಣ" ಎಂದು ಕೇಳಿದರೆ "ಕ್ಯಾಂಟೀನಿನಲ್ಲಿ ವೋಲ್ಟೇಜ್ ಕಮ್ಮಿ ಇದೆ" ಎನ್ನುತ್ತಾನೆ.

ಈಗ ಹೇಳಬೇಕಾದದ್ದು ಅವನಿಂದಲೇ ಶುರುವಾಗುತ್ತದೆ. ನಾನು ಊರು ಬಿಡುವಾಗ ನಮ್ಮೂರ ಸಿಮ್ಮು ತೆಗೆದು, ಕಾಗದದಲ್ಲಿ ಸುತ್ತಿ, ಪರ್ಸಿನಲ್ಲಿ ಅಮ್ಮನ ಫೋಟೋದ ಹಿಂದೆ ಇಟ್ಟುಕೊಂಡಿದ್ದೆ. ನನ್ನ ಹಳೇ ಫೋನಿನಲ್ಲಿ ಒಂದೇ ಸಿಮ್ಮಿಗೆ ಜಾಗ. ಪ್ರತಿ ದೇಶದಲ್ಲೂ ಅಲ್ಲಿಯ ಸಿಮ್ಮು ಹಾಕಿಕೊಳ್ಳಬೇಕು, ಅದು ಬಿಟ್ಟರೆ ಕೆಲಸದವರಿಗೆ ನಾನು ಸಿಗುವುದಿಲ್ಲ. ಹೀಗೆ ದೇಶ ಬದಲಾದಂತೆಲ್ಲ ನನ್ನ ನಂಬರೂ ಬದಲಾಗುತ್ತಿತ್ತು. ನಮ್ಮೂರ ನಂಬರು ಮಾತ್ರ ಪರ್ಸಿನಲ್ಲಿ ಭದ್ರವಾಗಿದೆ, ಮನೆ ಬೀಗದ ಕೈಯ ಹಾಗೆ, ಬಂದ ದಿನ ಹಾಕಿ ತಿರುಗಿಸಿದರೆ ಆಯಿತು ಎಂದುಕೊಂಡಿದ್ದೆ. ನಿನಗೂ ಹಾಗೇ ಹೇಳಿದ್ದೆನಲ್ಲ, "ಅಪ್ಪಾ, ಈ ನಂಬರು ಅಲ್ಲಿ ರಿಂಗ್ ಆಗಲ್ಲ, ಭಾನುವಾರ ಮೇಷ್ಟ್ರ ಫೋನಿಗೆ ಮಾಡ್ತೀನಿ" ಅಂತ.

ಇಲ್ಲಿಗೆ ಬಂದ ಮೇಲೆ ನಮ್ಮ ಮೇಲ್ವಿಚಾರಕ ರೇಗಿದ. ಹುಡುಕಿದರೆ ಸಿಗುವುದಿಲ್ಲ, ದಿನಕ್ಕೊಂದು ನಂಬರು ನಿನ್ನದು ಎಂದ. ಕರೆಂಟಣ್ಣ ನನ್ನ ಫೋನು ಕೈಗೆ ತಗೊಂಡು ಸತ್ತ ಇಲಿ ಹಿಡಿದವನ ಹಾಗೆ ನೋಡಿ, "ಇದನ್ನ ಬಿಸಾಕಕ್ಕ. ಎರಡು ಸಿಮ್ಮಿಂದು ತಗೋ. ಒಂದು ಮನೆಯಲ್ಲಿ ನಮ್ಮೂರು, ಇನ್ನೊಂದು ಮನೆಯಲ್ಲಿ ಹೋದ ಊರು" ಎಂದ. ಮೈದಾನದ ಎದುರಿನ ಬೀದಿಯ ಫೋನಂಗಡಿಗೆ ಅವನೇ ಕರೆದುಕೊಂಡು ಹೋದ. ಹಿಂತಿರುಗಿ ಬರುವಾಗ ದಾರಿಯುದ್ದಕ್ಕೂ ಪಾಠ. ಊರಿನ ಸಿಮ್ಮು ಸದಾ ಆನ್ ಇರಲಿ, ಯಾರಾದರೂ ಕರೆದರೆ ಗೊತ್ತಾಗುತ್ತೆ, ಬ್ಯಾಂಕಿನವರು ಕಳಿಸೋ ಅಂಕಿಗಳೂ ಬರುತ್ತವೆ. ಆದರೆ ಇಂಟರ್ನೆಟ್ ಮಾತ್ರ ಇಲ್ಲಿನ ಸಿಮ್ಮಿನಿಂದಲೇ ಓಡಲಿ, ಊರಿನದರ ರೋಮಿಂಗ್ ಡೇಟಾ ಆಫ್ ಮಾಡು, ಮರೆತರೆ ಚರ್ಮ ಸುಲೀತಾರೆ. ಅವನು ವೋಲ್ಟೇಜು ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

ನನಗಾದ ಸಂತೋಷ ಹೇಳಲಾರೆ ಅಪ್ಪಾ. ಹೊಲಿಯುವ ಮೇಜಿನ ಮೇಲೆ ಪರ್ಸು ಬಿಚ್ಚಿ, ಆ ಪುಟ್ಟ ಚೂರನ್ನು ಸೀರೆಯಂಚಿನ ಮಣಿ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದು ಹಾಕಿದೆ. ಈಗ ಅಪ್ಪ ಬೇಕೆಂದಾಗ ನನ್ನ ಫೋನು ಹೊಡೆದುಕೊಳ್ಳುತ್ತದೆ ಎಂದುಕೊಂಡೆ. ಪರದೆಯ ಮೇಲೆ ಇಲ್ಲಿಯ ಸಿಮ್ಮಿನ ಕಡ್ಡಿಗಳೆಲ್ಲ ಮೂಡಿದವು. ಪಕ್ಕದಲ್ಲಿ ನಮ್ಮೂರಿನದಕ್ಕೆ ಒಂದು ಸಣ್ಣ ಅಡ್ಡಗೆರೆ. ಆಫ್ ಮಾಡಿ ಆನ್ ಮಾಡಿದೆ, ತೆಗೆದು ಉಜ್ಜಿ ಹಾಕಿದೆ. ಅಡ್ಡಗೆರೆ ಹೋಗಲಿಲ್ಲ. ಕರೆಂಟಣ್ಣ ನೋಡಿ ತಲೆ ಕೆರೆದುಕೊಂಡ. "ರೀಚಾರ್ಜ್ ಮಾಡ್ತಿದ್ದೆ ತಾನೇ?" ಎಂದ. ಇಲ್ಲ, ಪರ್ಸಿನಲ್ಲಿದ್ದ ಸಿಮ್ಮಿಗೆ ಯಾರು ರೀಚಾರ್ಜ್ ಮಾಡುತ್ತಾರೆ ಎಂದೆ. "ಅಯ್ಯೋ ಅಕ್ಕ, ತುಂಬಾ ದಿನ ಹಾಗೇ ಬಿಟ್ಟರೆ ನಂಬರ್ ಕಿತ್ಕೊಂಡು ಬೇರೆಯವರಿಗೆ ಕೊಟ್ಬಿಡ್ತಾರೆ. ಸುಮ್ನೆ ಒಂದ್ಸಲ ಆ ನಂಬರಿಗೆ ಮಾಡಿ ನೋಡು" ಎಂದು ತನ್ನ ಏಣಿ ಎತ್ತಿಕೊಂಡು ಹೋದ.

ಚಹಾ ಬಿಡುವಿನಲ್ಲಿ ಬಟ್ಟೆಯ ಸುರುಳಿಯ ಮೇಲೆ ಕೂತು ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ. ಅದು ರಿಂಗ್ ಆಯಿತು. ನನ್ನ ಫೋನು ಕೈಯಲ್ಲೇ ಇದೆ, ನನ್ನ ನಂಬರು ಎಲ್ಲೋ ಹೊಡೆದುಕೊಳ್ಳುತ್ತಿದೆ. ಖಾಲಿ ಮನೆ ಎಂದುಕೊಂಡು ಬಾಗಿಲು ತಟ್ಟಿದರೆ ಒಳಗಿಂದ ಯಾರೋ ನಡೆದು ಬರುವ ಸದ್ದು ಕೇಳಿದ ಹಾಗಾಯಿತು.

"ಹಲೋ" ಎಂದಳು ಒಬ್ಬ ಹೆಂಗಸು. ಹಿಂದೆ ಯಾವುದೋ ಭಾರಿ ಗಾಡಿಯ ಎಂಜಿನ್ನು ಗುಡುಗುತ್ತಿತ್ತು.

"ಯಾರು ಮಾತಾಡ್ತಿರೋದು?" ಎಂದೆ.

"ಫೋನ್ ಮಾಡಿದ್ದು ನೀವು. ನೀವೇ ಹೇಳಬೇಕು."

"ಇದು ನನ್ನ ನಂಬರು" ಎಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು, ಬಸ್ಸಿನ ಸೀಟಿಗೆ ಜಗಳ ತೆಗೆದ ಹಾಗೆ.

ಅವಳು "ಒಂದ್ನಿಮಿಷ ಇರಿ, ಲಾರಿ ಬಂದಿದೆ" ಎಂದಳು. ಫೋನು ಕೆಳಗಿಟ್ಟು "ಇನ್ನೂ ಒಂಚೂರು ಮುಂದಕ್ಕೆ! ಹಿಂದಿನ ಚಕ್ರ ಹೊರಗಿದೆ! ಸಾಕು, ಇಂಜಿನ್ ಆಫ್ ಮಾಡಿ ಇಳೀರಿ!" ಎಂದು ಯಾರಿಗೋ ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಅವಳ ಧ್ವನಿ ಬೇರೆಯಾಗಿತ್ತು.

"ನೀವು… ಗುಬ್ಬಿನಾ?"

ಅಪ್ಪಾ, ಆ ಹೆಸರಿನಿಂದ ನನ್ನನ್ನು ಕರೆಯುವವರು ಈ ಭೂಮಿಯ ಮೇಲೆ ನೀನೊಬ್ಬನೇ. ಮೇಷ್ಟ್ರ ಮನೆಯವರೂ ಕರೆಯುವುದಿಲ್ಲ. ಪರದೇಶದ ತಗಡಿನ ಮಾಡಿನ ಕೆಳಗೆ, ಹೆಸರು ಗೊತ್ತಿಲ್ಲದ ಒಬ್ಬಳ ಬಾಯಲ್ಲಿ ಅದು ಬಂದಾಗ ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ಅಪ್ಪನಿಗೆ ಏನೋ ಆಗಿದೆ ಎಂದೇ ಮೊದಲು ಹೊಳೆದದ್ದು. "ಅಪ್ಪನಿಗೇನಾಯ್ತು?" ಎಂದು ಕಿರುಚಿಬಿಟ್ಟೆ.

"ಏನೂ ಆಗಿಲ್ಲ ಅಕ್ಕ, ಚೆನ್ನಾಗಿದ್ದಾರೆ. ನಿನ್ನೆ ಸಂಜೆ ತಾನೇ ಮಾತಾಡಿದ್ರು" ಎಂದಳು.

ಅವಳು ಹೇಳಿದ್ದನ್ನು ನಿನಗೆ ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ನನಗೆ ಎಷ್ಟು ಗೊತ್ತಾಗಿದೆ ಎನ್ನುವುದು ನಿನಗೆ ಗೊತ್ತಾಗಲಿ. ಹೆದ್ದಾರಿ ಬದಿಯಲ್ಲಿ ಲಾರಿಗಳ ತೂಕ ಹಾಕುವ ಕಡೆ, ಗಾಜಿನ ಸಣ್ಣ ಕ್ಯಾಬಿನ್ನಿನಲ್ಲಿ ಅವಳ ಕೆಲಸ. ಮದುವೆಯಾದ ಮನೆಯಲ್ಲಿ ಬಾಳಲಾಗದೆ ಹೊರಗೆ ಬಂದವಳು. ಯಾರಿಗೂ ಸಿಗಬಾರದು ಎಂದು ಹಳೇ ಸಿಮ್ಮು ಮುರಿದು ಚರಂಡಿಗೆ ಹಾಕಿ ಹೊಸದು ತಗೊಂಡಳಂತೆ. ಯಾರಿಗೂ ಗೊತ್ತಿಲ್ಲದ ನಂಬರು ಬೇಕು ಎಂದು ಕೇಳಿ ಪಡೆದದ್ದು ನನ್ನ ನಂಬರು. ಅದು ಶುರುವಾದ ದಿನ ಸಂಜೆಯೇ ಹೊಡೆದುಕೊಂಡಿತು. ಆ ಮನೆಯವರಿಗೆ ಇಷ್ಟು ಬೇಗ ಹೇಗೆ ತಿಳಿಯಿತು ಎಂದು ಹೆದರುತ್ತಲೇ ಎತ್ತಿದಳಂತೆ. ಎತ್ತಿದರೆ ವಯಸ್ಸಾದ ಗಂಡಸಿನ ದನಿ: "ಗುಬ್ಬೀ! ಸಿಕ್ಕಿದೆಯಾ ಕೊನೆಗೂ! ಊಟ ಆಯ್ತಾ ಮಗಾ?"

"ನನಗೆ ರಾಂಗ್ ನಂಬರ್ ಅನ್ನೋಕೆ ಬಾಯೇ ಬರಲಿಲ್ಲ ಅಕ್ಕ. ಎಷ್ಟೋ ಕಾಲದಿಂದ ಅದನ್ನ ಯಾರೂ ಕೇಳಿರಲಿಲ್ಲ. ಹೂಂ ಅಂದೆ. ಆಮೇಲೆ ಅಳು ಬಂತು" ಎಂದಳು.

ಮಾರನೇ ದಿನ ನೀನು ಮತ್ತೆ ಮಾಡಿದಾಗ, ನಾನು ನಿಮ್ಮ ಮಗಳಲ್ಲ ಎಂದು ಹೇಳಿದಳಂತೆ. ನೀನು ಏನೆಂದೆ ಎನ್ನುವುದನ್ನೂ ಹೇಳಿದಳು. "ನಿನ್ನೆ ಅಳು ಕೇಳಿದಾಗಲೇ ಗೊತ್ತಾಯ್ತಮ್ಮ, ನನ್ನ ಮಗಳು ನನ್ನ ಮುಂದೆ ಅಳೋಳಲ್ಲ. ಅದಿರಲಿ, ಇವತ್ತು ನಿಂಗೆ ಊಟ ಆಯ್ತಾ?"

ಅಪ್ಪಾ, ನಿನ್ನ ಬಟನ್ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ನನಗೆ ಬರುವ ಹಾಗೆ ಮಾಡಿಕೊಟ್ಟವಳು ನಾನೇ. ಆ ನಂಬರು ಅಲ್ಲಿ ರಿಂಗ್ ಆಗುವುದಿಲ್ಲ ಎಂದು ಹೇಳಿ ಬಂದಿದ್ದೆ. ಆದರೂ ನೀನು ಸಂಜೆಯಾದರೆ ಎರಡು ಒತ್ತಿ ಹಿಡಿಯುತ್ತಿದ್ದೆಯಂತೆ. ತಿಂಗಳುಗಟ್ಟಲೆ. ಸ್ವಿಚ್ ಆಫ್ ಆಗಿದೆ ಎನ್ನುವ ಆ ಮಿಷನ್ನು ಹೆಂಗಸಿನ ಮಾತನ್ನು ಪೂರ್ತಿ ಕೇಳಿ ಕೆಳಗಿಡುತ್ತಿದ್ದೆಯಂತೆ. ಯಾಕೆ ಅಂತ ಇವಳು ಕೇಳಿದ್ದಕ್ಕೆ, "ಆಫ್ ಆಗಿದೆ ಅಂದ್ರೆ ಫೋನ್ ಇದೆ ಅಂತ ತಾನೇ, ಎಂದಾದ್ರೂ ಆನ್ ಆಗುತ್ತೆ" ಎಂದೆಯಂತೆ. ಇದನ್ನು ಕೇಳಿ ನಾನು ಚಹಾದ ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಆಮೇಲೆ ಬಿಳಿ ಬಟ್ಟೆಯ ಮೇಲೆ ಕಲೆ ನೋಡಿ ಮೇಲ್ವಿಚಾರಕ ಬೈದ.

ಅವಳಿಗೆ ನೀನು ತೂಕದಮ್ಮ ಎಂದು ಹೆಸರಿಟ್ಟಿದ್ದೀಯಂತೆ. ನಿನ್ನ ಬುದ್ಧಿಯೇ ಅದು, ಕುರ್ಚಿಯಲ್ಲಿ ಕೂತವರಿಗೆಲ್ಲ ಕೂದಲು ಕತ್ತರಿಸುವುದರೊಳಗೆ ಅಡ್ಡಹೆಸರು. ನಾನೂ ಹಾಗೇ ಕರೆಯುತ್ತೇನೆ. ತೂಕದಮ್ಮ ಹೇಳಬಾರದು ಎಂದುಕೊಂಡಿದ್ದನ್ನು ನಾನು ಬಿಡದೆ ಕೇಳಿ ಹೇಳಿಸಿದೆ. ಅವಳ ಮೇಲೆ ಕೋಪ ಮಾಡಬೇಡ. ಸಂಜೆ ಗಿರಾಕಿಗಳು ಬರುವ ಹೊತ್ತಿನಲ್ಲಿ ಅಪ್ಪನಿಗೆ ಇವಳ ಹತ್ತಿರ ಮಾತಾಡಲು ಬಿಡುವು ಹೇಗೆ ಸಿಗುತ್ತದೆ ಎಂದು ಕೇಳಿದೆ. ಅವಳು ತಡವರಿಸಿದಳು. ನಾನು ಮತ್ತೆ ಕೇಳಿದೆ. ಆಗ ಹೇಳಿದಳು, ಅಂಗಡಿ ಮುಚ್ಚಿ ಬಹಳ ದಿನವಾಯಿತು ಎಂದು. ನಿನ್ನ ಬಲಗೈ ನಡುಗುತ್ತದೆ ಎಂದು. ಬಸ್ ಕಂಡಕ್ಟರ್ ಕಿವಿಗೆ ಕತ್ತರಿ ತಾಗಿ ರಕ್ತ ಬಂತು, ಆತ ಒಳ್ಳೆಯವನು, ಹತ್ತಿ ಒತ್ತಿಕೊಂಡು "ಪರವಾಗಿಲ್ಲ ಬಿಡಿ" ಎಂದ, ಆ ಪರವಾಗಿಲ್ಲ ಎನ್ನುವ ಮಾತೇ ನಿನಗೆ ತಡೆಯಲಾಗಲಿಲ್ಲ ಎಂದು. ಅಂದೇ ಶಟರ್ ಎಳೆದೆಯಂತೆ. ಈಗ ಹಿಂದಿನ ಕೋಣೆಯಿಂದ ಬಂದು ಮುಚ್ಚಿದ ಅಂಗಡಿಯೊಳಗೆ, ಗಿರಾಕಿಗಳ ಕುರ್ಚಿಯಲ್ಲಿ ನೀನೇ ಕೂತು, ಕನ್ನಡಿ ಎದುರಿಗೆ, ಅವಳ ಜೊತೆ ಮಾತಾಡುತ್ತೀಯಂತೆ.

ನಾನು ಫೋನು ಇಟ್ಟುಬಿಟ್ಟೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆ ಉರಿಯಿತು. ಕೈ ನಡುಗುವ ಸುದ್ದಿಗಿಂತ ಮೊದಲು ನನ್ನನ್ನು ಚುಚ್ಚಿದ್ದು ಅದು. ನಿನ್ನ ಮಗಳು ನಾನು, ನಿನ್ನ ದುಃಖ ಲಾರಿ ತೂಕ ಹಾಕುವವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ನೀನು ಹಗಲೆಲ್ಲ ಮಾತಾಡುತ್ತಿದ್ದೆ, ಶಟರ್ ಹಾಕಿ ಒಳಗೆ ಬಂದರೆ ಮಾತು ಮುಗಿದಿರುತ್ತಿತ್ತು. ಅಮ್ಮ ಹೋದ ಮೇಲಂತೂ ನಾವಿಬ್ಬರೂ ತಟ್ಟೆ ಎದುರಿಗೆ ಕೂತು ಉಪ್ಪು ಬೇಕಾ, ನೀರು ಬೇಕಾ ಎನ್ನುವುದು ಬಿಟ್ಟು ಏನು ಮಾತಾಡಿದ್ದೇವೆ ಹೇಳು. ಗಿರಾಕಿಗಳಿಗೆ ಹೇಳುತ್ತಿದ್ದ ಕಥೆಗಳನ್ನು ನಾನು ಗೋಡೆಯ ಈ ಕಡೆಯಿಂದ, ಅಂಚು ಹೊಲಿಯುತ್ತಾ ಕೇಳಿ ನಗುತ್ತಿದ್ದೆ. ಈಗಲೂ ಹಾಗೇ ಆಯಿತಲ್ಲ, ನಿನ್ನ ಮಾತು ನನಗೆ ಇನ್ನೊಬ್ಬರ ಮೂಲಕವೇ ಬಂತಲ್ಲ ಎನ್ನಿಸಿತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಅಷ್ಟು ಜನ ಓಡಾಡುತ್ತಿದ್ದರು. ಎರಡು ಸಿಮ್ಮಿನ ಹೊಸ ಫೋನು ತೊಡೆಯ ಮೇಲಿತ್ತು. ನನಗೆ ಫೋನ್ ಮಾಡಲು ಒಬ್ಬರೂ ಹೊಳೆಯಲಿಲ್ಲ.

ಆ ಭಾನುವಾರ ಎಂದಿನ ಹಾಗೆ ಮೇಷ್ಟ್ರ ಫೋನಿಗೆ ಮಾಡಿದೆ. ನಿನಗೆ ನೆನಪಿರಬಹುದು, ನಾನು "ಅಂಗಡಿ ಹೇಗೆ ನಡೀತಿದೆ" ಎಂದು ಕೇಳಿದೆ. ನೀನು "ರಶ್ಶು ಕಣೇ, ಕೈ ಬಿಡುವಿಲ್ಲ" ಎಂದೆ. ಮೇಷ್ಟ್ರು ಕೆಮ್ಮಿದರು. ಅವರ ಹೆಂಡತಿ ಸೆರಗು ಸರಿ ಮಾಡಿಕೊಂಡು ಎತ್ತಲೋ ನೋಡಿದರು. ನನಗೆ ಹೇಳಬೇಡಿ ಎಂದು ಅವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದೀಯ ಎಂದು ಆಗ ಅರ್ಥವಾಯಿತು. ನಿನ್ನ ಕೈ ಕಾಣುತ್ತದೆಯೇ ಎಂದು ಪರದೆಯ ಮೂಲೆ ಮೂಲೆ ಹುಡುಕಿದೆ. ನೀನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಶಾಲೆಯಲ್ಲಿ ಏಟು ತಪ್ಪಿಸಿಕೊಳ್ಳುವ ಹುಡುಗನ ಹಾಗೆ. "ಕೈ ತೋರಿಸು ಅಪ್ಪಾ" ಎನ್ನುವ ಮಾತು ತುದಿನಾಲಿಗೆಗೆ ಬಂತು. ಅಷ್ಟರಲ್ಲಿ ನೀನು "ನಿನ್ನ ಕೆಲಸ ಹೇಗಿದೆ" ಎಂದೆ. ನಾನು "ಚೆನ್ನಾಗಿದೆ, ಜೊತೆಯವರೆಲ್ಲ ತುಂಬಾ ಒಳ್ಳೆಯವರು, ಹೊತ್ತು ಹೋದದ್ದೇ ಗೊತ್ತಾಗಲ್ಲ" ಎಂದೆ. ಅಂದು ರೂಮಿಗೆ ಬಂದು ಎಷ್ಟೋ ಹೊತ್ತು ಆ ಮಾತನ್ನೇ ಯೋಚಿಸಿದೆ. ನನ್ನ ಸುಳ್ಳೂ ನಿನ್ನ ಸುಳ್ಳೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು. ನಿನ್ನ ಮೇಲಿದ್ದ ಸಿಟ್ಟು ಆಗ ಇಳಿಯಿತು.

ಮಾರನೇ ದಿನ ತೂಕದಮ್ಮನಿಗೆ ನಾನೇ ಫೋನ್ ಮಾಡಿದೆ. ಅವಳು ಎತ್ತಿದವಳೇ, ನಾನು ಬಾಯಿ ತೆಗೆಯುವ ಮೊದಲೇ, "ಅಕ್ಕ, ನಾನು ಸಿಮ್ಮಿನ ಅಂಗಡಿಗೆ ಹೋಗಿ ವಿಚಾರಿಸಿ ಬಂದೆ. ನಾನು ಸಹಿ ಹಾಕಿ ಬಿಟ್ಟುಕೊಟ್ಟರೆ ನಂಬರು ಮತ್ತೆ ನಿಮ್ಮ ಹೆಸರಿಗೆ ಆಗುತ್ತಂತೆ. ನಿಮ್ಮ ನಂಬರು, ನಿಮ್ಮ ತಂದೆ. ನಾನು ಯಾವ ಮುಖದಿಂದ ಇಟ್ಕೊಳ್ಳಲಿ? ನಿಮ್ಮ ಬ್ಯಾಂಕಿನ ಮೆಸೇಜುಗಳೂ ಬರ್ತಿದ್ದವು, ಓದದೇ ಅಳಿಸಿದ್ದೀನಿ, ದೇವರಾಣೆ" ಎಂದಳು. ಒಂದೇ ಉಸಿರಿನಲ್ಲಿ ಹೇಳಿದಳು, ಹೇಳಬೇಕಾದದ್ದನ್ನು ಮೊದಲೇ ಬಾಯಿಪಾಠ ಮಾಡಿಕೊಂಡವರ ಹಾಗೆ.

ಹೂಂ, ಕೊಡು ಎನ್ನಬೇಕೆಂದೇ ನಾನು ಫೋನ್ ಮಾಡಿದ್ದು. ಆದರೆ ಕೇಳಿದ್ದು ಬೇರೆ. "ಅಪ್ಪ ನಿನ್ನ ಜೊತೆ ಏನೇನು ಮಾತಾಡ್ತಾರೆ?"

ಅವಳು ನಕ್ಕಳು. "ಅರ್ಧ ನಿಮ್ಮ ವಿಷಯಾನೇ. ನನ್ನ ಮಗಳು ಗೋಡೆ ಹೊಲೀತಾಳೆ ಕಣಮ್ಮ, ಸಿನಿಮಾ ಪರದೆಯಷ್ಟು ದೊಡ್ಡದು, ಒಂದು ಸುಕ್ಕಿಲ್ಲ ಅಂತಾರೆ. ಚಿಕ್ಕವಳಿದ್ದಾಗ ಅಂಗಡಿಯ ಕೂದಲೆಲ್ಲ ಗುಡ್ಡೆ ಹಾಕಿ ಬೊಂಬೆಗೆ ಜಡೆ ಹೆಣೀತಿದ್ರಂತೆ ನೀವು. ಎಷ್ಟು ಸಲ ಕೇಳಿದ್ದೀನೋ. ಒಂದು ದಿನ, ನನ್ನ ಕೈ ವಿಷಯ ಅವಳಿಗೆ ತಿಳಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ, ಬಂದು ಈ ಎರಡು ಕೋಣೆಯಲ್ಲಿ ನನ್ನ ಮುಖ ನೋಡ್ಕೊಂಡು ಕೂರ್ತಾಳೆ, ಅದಾಗಬಾರದು ಅಂದ್ರು. ನಾನು ಮಾತು ಕೊಟ್ಟಿದ್ದೆ ಅಕ್ಕ. ಮುರಿದುಬಿಟ್ಟೆ."

ನಂಬರು ಬಿಟ್ಟುಕೊಟ್ಟರೆ ನೀನೇನು ಮಾಡುತ್ತೀಯ ಎಂದೆ. ಬೇರೆ ತಗೋತೀನಿ ಎಂದಳು. ಅದಕ್ಕೆ ಯಾರು ಫೋನ್ ಮಾಡುತ್ತಾರೆ ಎಂದೆ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ, ಅವಳು ಏಳಲಿಲ್ಲ. ಆ ಗಾಜಿನ ಕ್ಯಾಬಿನ್ನು ನನಗೆ ಕಣ್ಣಿಗೆ ಕಟ್ಟಿತು ಅಪ್ಪಾ. ನಾನು ಅದನ್ನು ನೋಡಿಲ್ಲ, ಆದರೆ ನನ್ನ ರೂಮಿನ ಹಾಗೇ ಇರುತ್ತದೆ ಎಂದು ಗೊತ್ತಾಯಿತು.

ನಂಬರು ನಿನ್ನ ಹತ್ತಿರವೇ ಇರಲಿ ಎಂದೆ. ದೊಡ್ಡ ಮನಸ್ಸು ಮಾಡಿ ಹೇಳಿದ್ದಲ್ಲ. ನಿನ್ನ ಫೋನಿನಲ್ಲಿ ಎರಡು ಎಂದರೆ ನಾನು ಎನ್ನುವುದು ಹೋಗುತ್ತದಲ್ಲ ಎನ್ನುವ ಸಂಕಟ ಈಗಲೂ ಇದೆ. ಆದರೆ ಸಂಜೆ ನೀನು ಆ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದಾಗ ಅತ್ತ ಕಡೆ ಎತ್ತುವವರು ಇರಬೇಕು. ನಾನು ಆ ಹೊತ್ತಿಗೆ ಇಲ್ಲಿ ಏಣಿಯ ಮೇಲಿರುತ್ತೇನೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಅವಳು ಎತ್ತುತ್ತಾಳೆ. ನೀನು ಅವಳಿಗೆ ಫೋನ್ ಮಾಡುವುದನ್ನು ನಿಲ್ಲಿಸಬೇಡ. ನನ್ನ ಕಾಗದ ಓದಿ ಸಂಕೋಚಪಟ್ಟುಕೊಂಡು ನಿಲ್ಲಿಸಿದರೆ, ನೀನು ಇಬ್ಬರನ್ನು ಒಂಟಿ ಮಾಡಿದ ಹಾಗೆ.

ಹಳೇ ಸಿಮ್ಮನ್ನು ಹೊಸ ಫೋನಿನಿಂದ ತೆಗೆದೆ. ಎಸೆಯಲು ಮನಸ್ಸು ಬರಲಿಲ್ಲ, ಇಟ್ಟುಕೊಳ್ಳಲು ಅರ್ಥವಿಲ್ಲ. ಕರೆಂಟಣ್ಣ ತನ್ನ ಹಾಳಾದ ಸ್ವಿಚ್ಚುಗಳ ಡಬ್ಬಿಗೆ ಹಾಕಿಕೊಂಡ. ಫೋನಿನ ಎರಡನೇ ಮನೆ ಸದ್ಯಕ್ಕೆ ಖಾಲಿ ಇದೆ. ಇಲ್ಲಿಯ ನಂಬರನ್ನು ಈ ಕಾಗದದ ಹಿಂದೆ ದೊಡ್ಡದಾಗಿ ಬರೆದಿದ್ದೇನೆ, ಈ ಊರಿನಲ್ಲಿ ಇರುವವರೆಗೆ ಅದು ನನ್ನದು.

ನಿನ್ನ ಕೈ ವಿಷಯ. ಬೈಯುವುದಿಲ್ಲ. ಆದರೆ ಡಾಕ್ಟರಿಗೆ ತೋರಿಸಿಲ್ಲ ಎಂದು ತೂಕದಮ್ಮ ಹೇಳಿದಳು. ಕತ್ತರಿ ಹಿಡಿದ ಕೈ, ಬೇರೆಯವರ ಕೈಯಲ್ಲಿ ಹಿಡಿಸಿ ಪರೀಕ್ಷೆ ಮಾಡಿಸಲು ನಿನಗೆ ಅವಮಾನ, ಗೊತ್ತು. ಎಷ್ಟು ಜನರ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿದ್ದೀಯ, ಅವರೆಲ್ಲ ಅಲುಗಾಡದೆ ಕೂತಿರಲಿಲ್ಲವೇ? ನೀನೂ ಒಮ್ಮೆ ಹಾಗೆ ಕೂರು. ಮೇಷ್ಟ್ರ ಜೊತೆ ಹೋಗು. ಅವರಿಗೆ ನಾನು ಹೇಳಿದೆ ಎಂದು ಹೇಳು. ಸುಳ್ಳು ಹೇಳಿ ಹೇಳಿ ಅವರ ಮುಖವೂ ಬಾಡಿದೆ ಪಾಪ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ನಿನ್ನದನ್ನು ಇಷ್ಟು ಬಯಲು ಮಾಡಿದ ಮೇಲೆ. ಹೊತ್ತು ಹೋದದ್ದು ನನಗೆ ಗೊತ್ತಾಗುತ್ತದೆ ಅಪ್ಪಾ, ಚೆನ್ನಾಗಿ ಗೊತ್ತಾಗುತ್ತದೆ. ಕೆಲಸ ಇಷ್ಟ. ಕೆಲಸ ಮುಗಿದ ಮೇಲಿನದು ಕಷ್ಟ. ರೂಮಿಗೆ ಬಂದು ಬೂಟು ಬಿಚ್ಚಿದ ಸದ್ದೇ ದೊಡ್ಡದಾಗಿ ಕೇಳುತ್ತದೆ. ಕೆಲವು ಸಲ ಇಲ್ಲಿನ ಅಂಗಡಿಯವನು ಇಷ್ಟಾಯಿತು ಎಂದು ಬೆರಳಲ್ಲಿ ತೋರಿಸಿದರೆ, ಅಂದಿನ ಮಟ್ಟಿಗೆ ನನ್ನ ಮಾತುಕತೆ ಅದೇ. ಇದನ್ನು ಓದಿ ಕಣ್ಣೀರು ಹಾಕಬೇಡ. ತೂಕದಮ್ಮನಿಗೆ ಹೇಳಿದ ಹಾಗೆ ನನಗೂ ನಿನ್ನದನ್ನು ಹೇಳು, ನಾನು ನಿನಗೆ ನನ್ನದನ್ನು ಹೇಳುತ್ತೇನೆ, ಸಾಕು.

ಮೇಷ್ಟ್ರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ. ಕಂಡಕ್ಟರ್ ಸಿಕ್ಕರೆ ಕಿವಿ ವಾಸಿಯಾಯಿತೇ ಎಂದು ನಾನು ಕೇಳಿದೆ ಎಂದು ಹೇಳು. ಇಲ್ಲಿ ಕೂತೇ ನಿನ್ನ ನಡುಗುವ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡಿದ್ದೇನೆ ಎಂದುಕೋ.

ನಿನ್ನ ಮಗಳು,
ಗುಬ್ಬಿ

ಮರೆತಿದ್ದು: ಮರೆತದ್ದಲ್ಲ, ಕಾಗದದುದ್ದಕ್ಕೂ ಧೈರ್ಯ ಸಾಲಲಿಲ್ಲ. ಮುಂದಿನ ದೇಶಕ್ಕೆ ತಂಡದ ಜೊತೆ ನಾನು ಹೋಗುತ್ತಿಲ್ಲ. ರಜೆ ಬರೆದುಕೊಟ್ಟೆ, ಟಿಕೆಟ್ ಆಗಿದೆ, ಇಲ್ಲಿಯ ಮಳಿಗೆ ಬಿಚ್ಚಿದ ಮಾರನೇ ದಿನ ಹೊರಡುತ್ತೇನೆ. ಮತ್ತೆ ಹಿಂತಿರುಗುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಅದನ್ನು ಅಲ್ಲಿ ಬಂದು ಇಬ್ಬರೂ ಕೂತು ಮಾತಾಡೋಣ. ಫೋನಿನಲ್ಲಿ ಹೇಳಿದ್ದರೆ ನೀನು "ಬೇಡ ಕಣೇ" ಎನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ. ಅದಕ್ಕೇ ಕಾಗದ ಬರೆದದ್ದು. ಇದು ನಿನ್ನ ಕೈ ಸೇರುವ ಹೊತ್ತಿಗೆ ನಾನು ವಿಮಾನ ಬದಲಿಸುವ ಊರಿನಲ್ಲಿ, ಅಲ್ಲಿನ ಯಾವುದೋ ಸಿಮ್ಮು ಹಾಕಿಕೊಂಡು ಕೂತಿರುತ್ತೇನೆ. ಗುರುತಿಲ್ಲದ ಉದ್ದನೆಯ ನಂಬರು ಬಂದರೆ ಹೆದರಿ ಕಟ್ ಮಾಡಬೇಡ, ಎತ್ತು.